ಗುಡಿಗೂ ಮಸೀದಿಗೂ ಚರ್ಚಿಗೂ ಜಾಗ ಕೊಡುವವರು ಯಾರು?

ಸಿಂಗಪುರದಲ್ಲಿ ನೆಲೆಸಿದ ಮೇಲೆ, ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ನಮ್ಮ ಮನೆಗೆ ಬಂದಾಗಲೆಲ್ಲ ನಾನು ಗಮನಿಸುವುದು ದೇವರ ಜಾಗಗಳನ್ನೇ. 1882ರಲ್ಲಿ ಆಂಗ್ಲೋ ಇಂಡಿಯನ್ನರಿಗಾಗಿ ಹುಟ್ಟಿಕೊಂಡ ವಸತಿ ಇದು. ಅವರ ಹಳೆಯ ಚರ್ಚು ಈಗಲೂ ಇದೆ. ಕಾಡುಗೋಡಿಯಲ್ಲಿ ಸತ್ಯಸಾಯಿ ಬಾಬಾ ಅವರ ಬೃಂದಾವನ ಆಶ್ರಮ. ಸುತ್ತ ಬಡಾವಣೆಗಳಾಗಿಹೋದ ಹಳ್ಳಿಗಳ ಮಾರಮ್ಮ, ಮುನೇಶ್ವರ, ಅರಳಿಕಟ್ಟೆಯ ನಾಗರಕಲ್ಲು, ಅಲ್ಲಲ್ಲಿ ಮಸೀದಿ. ಅಪಾರ್ಟ್‌ಮೆಂಟ್ ಎದ್ದರೂ ಕಟ್ಟೆ ಕದಲುವುದಿಲ್ಲ, ರಸ್ತೆಯೇ ಬಳಸಿಕೊಂಡು ಹೋಗುತ್ತದೆ. ಊರಹಬ್ಬದ ದಿನ ಹೆಣ್ಣುಮಕ್ಕಳು ತಂಬಿಟ್ಟಿನ ಆರತಿ ಹೊತ್ತು ಐ.ಟಿ. ಕಂಪನಿಯ ಗೇಟಿನ ಮುಂದೆ ಸಾಗುವಾಗ, ಕ್ಯಾಬ್‌ಗಳೆಲ್ಲ ನಿಂತು ದಾರಿ ಬಿಡುತ್ತವೆ. ಈ ಗೌರವ ನನಗೆ ತುಂಬ ದೊಡ್ಡದು.

ಸಿಂಗಪುರದ ಉಪನಗರಗಳಲ್ಲಿ ಹೀಗಿಲ್ಲ. ನಕ್ಷೆ ಬರೆಯುವಾಗಲೇ ಪೂಜಾಸ್ಥಳಕ್ಕೆ ಜಾಗ ಗುರುತಾಗಿರುತ್ತದೆ. ಚರ್ಚು ಮತ್ತು ಚೀನೀ ಗುಡಿಗಳವರು ಟೆಂಡರ್ ಹಾಕಿ ಪಡೆಯುತ್ತಾರೆ, ಮಸೀದಿಗೂ ಹಿಂದೂ ಗುಡಿಗೂ ಸರ್ಕಾರಿ ಮೌಲ್ಯಮಾಪಕರು ಬೆಲೆ ಕಟ್ಟುತ್ತಾರೆ. ಗುತ್ತಿಗೆ ಸಾಮಾನ್ಯವಾಗಿ 30 ವರ್ಷ. 1975ರಿಂದ ಮುಸ್ಲಿಂ ನೌಕರರ ಸಂಬಳದಿಂದ ತಿಂಗಳಿಗಿಷ್ಟು ಹಣ ಮಸೀದಿ ನಿಧಿಗೆ ಸೇರುತ್ತ ಬಂದಿದೆ. ಬಾಂಗಿನ ಧ್ವನಿವರ್ಧಕವನ್ನು ಎಪ್ಪತ್ತರ ದಶಕದಲ್ಲೇ ಮಸೀದಿಯ ಒಳಕ್ಕೆ ತಿರುಗಿಸಿ, ಬಾಂಗನ್ನು ರೇಡಿಯೊದಲ್ಲಿ ಕೇಳಿಸುವ ಏರ್ಪಾಟು ಮಾಡಿದರು.

ಪಾಸಿರ್ ರಿಸ್ ಬಳಿಯ ಲೋಯಾಂಗ್ ತುವಾ ಪೆಕ್ ಕೋಂಗ್ ಗುಡಿಯನ್ನು ನೋಡಿದರೆ ಬೆಂಗಳೂರಿನವರಿಗೆ ಹೊಸದೆನ್ನಿಸಲಿಕ್ಕಿಲ್ಲ. ಒಂದೇ ಸೂರಿನಡಿ ಚೀನೀ ದೇವರು, ಬುದ್ಧ, ಗಣೇಶ, ಪಕ್ಕದಲ್ಲೇ ಮುಸ್ಲಿಂ ಸಂತನ ನೆನಪಿನ ಕೆರಾಮತ್. ಊದುಬತ್ತಿ ಹಿಡಿದ ಚೀನೀ ಅಜ್ಜಿಯರು ಗಣೇಶನಿಗೂ ತಲೆಬಾಗುತ್ತಾರೆ. ನಮ್ಮಲ್ಲೂ ಧರ್ಮರಾಯನ ಗುಡಿಯಿಂದ ಹೊರಟ ಕರಗ, ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿಯೇ ಮುಂದೆ ಸಾಗುವುದು.

ಆದರೆ ಸಿಂಗಪುರದ ಶಿಸ್ತಿಗೆ ಬೆಲೆಯೂ ಇದೆ. ಮರದ ಬುಡದ ದೇವರಿಗೆ ಅಲ್ಲಿ ಉಳಿಗಾಲ ಕಡಿಮೆ. ಎಷ್ಟೋ ಚಿಕ್ಕ ಗುಡಿಗಳು ಜಾಗದ ಬೆಲೆ ತೆರಲಾಗದೆ ಒಂದಾಗಿ, ಒಂದೇ ಕಟ್ಟಡ ಸೇರಿವೆ. ಸೆಂಗ್‌ಕಾಂಗ್ ಉಪನಗರದ ಗುಡಿಯಲ್ಲಿ ವೇಲ್‌ಮುರುಗನೂ ಜ್ಞಾನಮುನೀಶ್ವರನೂ ಒಟ್ಟಿಗೇ ಇದ್ದಾರೆ. ನಮ್ಮ ಮುನೇಶ್ವರನಿಗೆ ಇಂಥ ಗತಿ ಬರುವುದು ನನಗೆ ಬೇಡ.

ಹಾಗೆಂದು ಬೆಂಗಳೂರಿನ ಈಗಿನ ದಾರಿಯೂ ಸರಿಯಲ್ಲ. ಸಾರ್ವಜನಿಕ ಜಾಗದಲ್ಲಿ ಹೊಸ ಧಾರ್ಮಿಕ ಕಟ್ಟಡ ಏಳಬಾರದೆಂದು ಸುಪ್ರೀಂ ಕೋರ್ಟ್ 2009ರಲ್ಲೇ ಹೇಳಿತು. ನಂಜನಗೂಡಿನ ಬಳಿ ಗುಡಿಯೊಂದನ್ನು ಕೆಡವಿದ ಗದ್ದಲವೆದ್ದ ಮೇಲೆ, 2021ರಲ್ಲಿ ರಾಜ್ಯ ಸರ್ಕಾರ ಇರುವ ಕಟ್ಟಡಗಳ ರಕ್ಷಣೆಗೆ ಕಾಯ್ದೆ ತಂದಿತು. ಹಳೆಯದು ಉಳಿಯಲಿ, ಸಂತೋಷ. ಹೊಸದಾಗಿ ಬಂದವರ ಪಾಡೇನು? ಕೇರಳ, ತಮಿಳುನಾಡು, ಈಶಾನ್ಯ ರಾಜ್ಯಗಳ ಕ್ರೈಸ್ತರು ಬಾಡಿಗೆ ಹಾಲ್‌ನಲ್ಲಿ ಭಾನುವಾರದ ಪ್ರಾರ್ಥನೆ ಮಾಡಿದರೆ ಅಕ್ಕಪಕ್ಕದವರ ತಕರಾರು. ಮುಸ್ಲಿಮರು ಶುಕ್ರವಾರದ ನಮಾಜಿಗೆ ದೂರ ಹೋಗಬೇಕು. ಫುಟ್‌ಪಾತ್ ಮೇಲೆ ಚಪ್ಪರ ಹಾಕಿ ಗುಡಿ ಮಾಡಿದವರನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಬಲ ಇದ್ದವರಿಗೆ ಜಾಗ ಎಂಬಂತಾದರೆ ಅದು ಭಕ್ತಿಯ ಮಾತಾಗಿ ಉಳಿಯುವುದಿಲ್ಲ.

ಇದಕ್ಕಿಂತ ಕಷ್ಟದ್ದು ಸತ್ತವರನ್ನು ಮಣ್ಣು ಮಾಡುವುದು. ಬಡಾವಣೆಯ ನಕ್ಷೆಯಲ್ಲಿ ಪಾರ್ಕು, ಶಾಲೆ ಕಾಣಿಸುತ್ತವೆ. ಸ್ಮಶಾನ, ಖಬರಸ್ತಾನ ಬೇಕೆಂದು ಕೇಳಲು ಯಾರಿಗೂ ಬಾಯಿ ಬರುವುದಿಲ್ಲ.

ಸಿಂಗಪುರದಿಂದ ಒಂದನ್ನಷ್ಟೇ ತರೋಣ: ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ (ಬಿ.ಡಿ.ಎ.) ತನ್ನ ಹೊಸ ಬಡಾವಣೆಗಳಲ್ಲಿ ಮೊದಲೇ ಇರುವ ಕಟ್ಟೆ, ಗುಡಿ, ದರ್ಗಾಗಳನ್ನು ಹಾಗೇ ಬಿಟ್ಟು, ನಾಗರಿಕ ಸೌಲಭ್ಯಕ್ಕೆಂದು ಮೀಸಲಿಟ್ಟ ಸಿ.ಎ. ನಿವೇಶನಗಳಲ್ಲಿ ಎಲ್ಲ ಧರ್ಮದವರಿಗೂ ಪ್ರಾರ್ಥನೆಗೆ, ಅಂತ್ಯಕ್ರಿಯೆಗೆ ಎಷ್ಟು ಜಾಗ, ಯಾವ ಬೆಲೆಗೆ, ಯಾವ ನಿಯಮದಡಿ ಕೊಡುತ್ತದೆ ಎಂಬುದನ್ನು ಮನೆ ಸೈಟು ಹಂಚುವ ಮುಂಚೆಯೇ ಪ್ರಕಟಿಸಲಿ.