ಅದನ್ನು ರೈಲು ಪ್ರಯಾಣ ಅನ್ನಬೇಡಿ

ಭಾನುವಾರದಿಂದ ಮನಸ್ಸಿಗೆ ಸಮಾಧಾನ ಇಲ್ಲ. ಬರೆದರೆ ಸ್ವಲ್ಪ ಹಗುರ ಆಗಬಹುದು ಅಂತ ಕೂತಿದ್ದೇನೆ. ಉದ್ದ ಆಗುತ್ತೆ, ಓದಿ.

ತಮ್ಮನ ಮಗಳು ಊಟಕ್ಕೆ ಬಂದಿದ್ದಳು. ಹುಳಿ ಅನ್ನ ಕಲಸುತ್ತಿರುವಾಗಲೇ ಮೊಬೈಲ್ ತೋರಿಸಿದಳು. "ಅತ್ತೆ, ನೋಡು. ನೀನು ಹೋಗಿದ್ಯಲ್ಲ, ಅದೇ ರೈಲು! ನಾವು ನಾಲ್ಕು ಜನ ಫ್ರೆಂಡ್ಸ್ ಬುಕ್ ಮಾಡ್ತಿದೀವಿ." ನನಗೆ ಎಂಥ ಖುಷಿ ಆಯಿತು ಅಂದರೆ ಎಡಗೈಯಲ್ಲೇ ಮೊಬೈಲ್ ಇಸ್ಕೊಂಡು ಓದಿದೆ. ಟ್ರಾನ್ಸ್-ಸೈಬೀರಿಯನ್ (ಮಾಸ್ಕೋದಿಂದ ರಷ್ಯಾದ ಪೂರ್ವ ಕರಾವಳಿವರೆಗೆ ಸೈಬೀರಿಯಾ ದಾಟಿ ಹೋಗುವ ದಾರಿ) ರೈಲು ಪ್ರವಾಸ, 8 ದಿನ. ಮೊದಲು ಮಾಸ್ಕೋ. ಅಲ್ಲಿಂದ ಸೈಬೀರಿಯಾದ ಇರ್ಕುಟ್ಸ್ಕ್‌ಗೆ ವಿಮಾನ. ಬೈಕಲ್ ಸರೋವರ. ಒಂದು ಹಗಲು ಸರೋವರದ ದಡದಲ್ಲಿ ರೈಲು. ಮತ್ತೆ ವಿಮಾನ ಹತ್ತಿ ಮನೆಗೆ.

ಒಂದು ಹಗಲು! ಮಾಸ್ಕೋದಿಂದ ಇರ್ಕುಟ್ಸ್ಕ್‌ಗೆ ರೈಲಿನಲ್ಲಿ 5,000 ಕಿಲೋಮೀಟರಿಗೂ ಜಾಸ್ತಿ. ಅಷ್ಟನ್ನೂ ಕಿತ್ತುಹಾಕಿ, ಉಳಿದ ಚೂರಿಗೆ ಪೂರ್ತಿ ದಾರಿಯ ಹೆಸರಿಟ್ಟಿದ್ದಾರೆ. ನನಗೆ ಸಿಟ್ಟು ಬಂದಿದ್ದು ಹುಡುಗಿಯ ಮೇಲಲ್ಲ, ಆ ಹೆಸರಿಟ್ಟವರ ಮೇಲೆ. ಆದರೆ ಬೈಸಿಕೊಂಡಿದ್ದು ಅವಳು. ಪಾಪ, ಪಾಯಸ ಮುಟ್ಟದೆ ಎದ್ದಳು.

ನಾವು ನಾಲ್ಕು ಜನ 2019ರ ಸೆಪ್ಟೆಂಬರಿನಲ್ಲಿ ಹೋಗಿದ್ದು ನಿಮ್ಮಲ್ಲಿ ತುಂಬಾ ಜನರಿಗೆ ಗೊತ್ತು. ಅಕ್ಕ (ನನ್ನ ಸ್ವಂತ ಅಕ್ಕ ಅಲ್ಲ, ನಮ್ಮ ಗುಂಪಿಗೇ ಅಕ್ಕ), ಲೆಕ್ಕದ ಮೇಡಂ, ಧಾರವಾಡದವಳು, ನಾನು. ಮಂಗಳವಾರ ನಡುರಾತ್ರಿ ಹತ್ತಿರ ಮಾಸ್ಕೋ ಬಿಟ್ಟ ರೈಲು ಮುಂದಿನ ಸೋಮವಾರ ಮಧ್ಯಾಹ್ನ ಬೀಜಿಂಗ್ ತಲುಪಿತು. ಬೈಕಲ್ ದಾಟಿದ ಮೇಲೆ ಆ ದಾರಿ ಬಿಟ್ಟು ಮಂಗೋಲಿಯಾ ಮೂಲಕ, ಒಟ್ಟು 7,600 ಕಿಲೋಮೀಟರಿಗೂ ಹೆಚ್ಚು. ನಾಲ್ಕು ಬರ್ತಿನ ಒಂದು ಕೋಣೆ, ನಾಲ್ಕು ಜನ ಗೆಳತಿಯರು. ಆರು ದಿನ ಸ್ನಾನ ಇಲ್ಲ.

"ಬೋರ್ ಆಗ್ಲಿಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಎರಡನೇ ದಿನ ಆಯಿತು. ಕಿಟಕಿಯಾಚೆ ಬರ್ಚ್ ಮರ. ಬಿಳಿ ಕಾಂಡ, ಹಳದಿ ಎಲೆ. ಚಹಾ ಕುಡಿದು ನೋಡಿದರೆ ಬರ್ಚ್ ಮರ. ನಿದ್ದೆ ಮಾಡಿ ಎದ್ದರೆ ಬರ್ಚ್ ಮರ. ನಡುವೆ ಒಂದಿಷ್ಟು ಮರದ ಮನೆಗಳು, ಪಕ್ಕದಲ್ಲಿ ಆಲೂಗೆಡ್ಡೆ ಪಾತಿ, ಮತ್ತೆ ಕಾಡು. ಮೂರನೇ ದಿನ ನನಗೆ ಹೆದರಿಕೆಯೇ ಆಯಿತು. ಇಷ್ಟು ದೊಡ್ಡ ನೆಲ, ಇಷ್ಟು ಕಡಿಮೆ ಜನ. ಇಲ್ಲಿ 1891ರಲ್ಲಿ ಹಳಿ ಹಾಕೋಕೆ ಶುರು ಮಾಡಿ, ಪೂರ್ತಿ ಮುಗಿಸೋಕೆ 1916ರವರೆಗೆ ಯಾಕೆ ಬೇಕಾಯಿತು ಅಂತ ಆಗ ಗೊತ್ತಾಯಿತು. ಮ್ಯಾಪಿನಲ್ಲಿ ಸೈಬೀರಿಯಾ ಅಂಗೈಯಗಲ ಕಾಣುತ್ತೆ. ಅದು ಎಷ್ಟು ದೊಡ್ಡದು ಅಂತ ತಿಳಿಯಬೇಕಾದರೆ ಬೇಜಾರು ಆಗಲೇಬೇಕು. ಆ ಬೇಜಾರನ್ನೇ ತೆಗೆದುಹಾಕಿ ಟಿಕೆಟ್ ಮಾರುತ್ತಿದ್ದಾರಲ್ಲ, ನನ್ನ ಹೊಟ್ಟೆ ಉರಿಯೋದು ಅದಕ್ಕೇ.

ಮಾಸ್ಕೋಗೂ ಬೀಜಿಂಗಿಗೂ ಐದು ಗಂಟೆ ವ್ಯತ್ಯಾಸ. ವಿಮಾನದಲ್ಲಿ ಆ ಐದೂ ಗಂಟೆ ಒಂದೇ ಸಲ ತಲೆ ಮೇಲೆ ಬೀಳುತ್ತೆ. ನಾವು ನಾಲ್ಕು ಸಲ ಗಡಿಯಾರ ಮುಂದಕ್ಕೆ ತಿರುಗಿಸಿದೆವು. ಹಸಿವೂ ನಿದ್ದೆಯೂ ಅದರ ಜೊತೆಗೇ ಬಂದವು. ಹಳಿ ಪಕ್ಕದಲ್ಲಿ ಮಾಸ್ಕೋದಿಂದ ಎಷ್ಟು ದೂರ ಅಂತ ಬರೆದ ಕಿಲೋಮೀಟರ್ ಕಂಬಗಳಿವೆ. ಲೆಕ್ಕದ ಮೇಡಂ ಕೈಗಡಿಯಾರ ಹಿಡಿದು, ಕಂಬದಿಂದ ಕಂಬಕ್ಕೆ ಸೆಕೆಂಡ್ ಎಣಿಸಿ ರೈಲಿನ ವೇಗ ಹೇಳುತ್ತಿದ್ದರು. 1,777ನೇ ಕಿಲೋಮೀಟರಿನಲ್ಲಿ ಯುರೋಪ್ ಮುಗಿದು ಏಷ್ಯಾ ಶುರುವಾಗುವ ಜಾಗ, ಅಲ್ಲೊಂದು ಕಲ್ಲಿನ ಕಂಬ. ನಡುರಾತ್ರಿ ಅಲಾರಂ ಇಟ್ಟು ಎದ್ದು ಕಾರಿಡಾರಿನ ಕಿಟಕಿಗೆ ಹಣೆ ಒತ್ತಿ ನಿಂತಿದ್ದರು. ಕತ್ತಲಲ್ಲಿ ಏನೋ ಬೆಳ್ಳಗೆ ಸರಿದು ಹೋಯಿತಂತೆ. ಬೆಳಿಗ್ಗೆ ಅದನ್ನು ಹೇಳುವಾಗ ಅವರ ಮುಖ ನೋಡಬೇಕಿತ್ತು.

ಬೋಗಿಯ ಒಂದು ತುದಿಯಲ್ಲಿ ಕಲ್ಲಿದ್ದಲು ಹಾಕಿ ಕಾಯಿಸುವ ಬಾಯ್ಲರ್. ಹಗಲು ರಾತ್ರಿ ಬಿಸಿನೀರು. ನನಗೆ ನಮ್ಮ ಹಳೇ ಮನೆಯ ಬಚ್ಚಲ ಹಂಡೆ ನೆನಪಾಗುತ್ತಿತ್ತು. ಆ ನೀರಿಗೇ ಅವಲಕ್ಕಿ ನೆನೆಸಿ, ಪುಳಿಯೋಗರೆ ಗೊಜ್ಜು ಕಲಸಿ, ಮೇಲೆ ಕಡಲೆಕಾಯಿ ಬೀಜ. ಪಕ್ಕದ ಕೋಣೆಯ ಮಂಗೋಲಿಯಾದ ಅಜ್ಜಿಗೂ ಒಂದು ಬಟ್ಟಲು ಕೊಟ್ಟೆವು. ಅವರು ಒಂದು ಮಾತೂ ಆಡದೆ ತಿಂದರು. ಸ್ವಲ್ಪ ಹೊತ್ತಿಗೆ ಒಣಗಿದ ಮೊಸರಿನ ಗಟ್ಟಿ ತುಂಡುಗಳನ್ನು ತಂದು ನಮ್ಮ ಮೇಜಿನ ಮೇಲಿಟ್ಟು ಹೋದರು.

ಈಗ ಇದುವರೆಗೆ ಯಾರಿಗೂ ಹೇಳದ ಒಂದು ಮಾತು. ಅಕ್ಕನನ್ನು ಕೇಳಿಯೇ ಬರೆಯುತ್ತಿದ್ದೇನೆ.

ಅಕ್ಕನ ಯಜಮಾನರು ತೀರಿಕೊಂಡಾಗ ನಾನು ಹೋಗಲಿಲ್ಲ. ಬ್ಯಾಂಕಿನಲ್ಲಿ ಆಡಿಟ್ ಇದೆ ಅಂದಿದ್ದೆ. ಆಮೇಲೆ ಎಷ್ಟೋ ವರ್ಷ ಮದುವೆ ಮುಂಜಿಯಲ್ಲಿ ಸಿಕ್ಕಿದೆವು, ನಕ್ಕೆವು, ಟೂರ್ ಕೂಡ ಒಟ್ಟಿಗೇ ಪ್ಲಾನ್ ಮಾಡಿದೆವು. ಆ ಮಾತು ಮಾತ್ರ ಬರಲಿಲ್ಲ. ಶುಕ್ರವಾರ ರೈಲು ಯೆನಿಸೇ ನದಿ ದಾಟಿದ ಮೇಲೆ, ಉಳಿದಿಬ್ಬರು ಊಟದ ಬೋಗಿಗೆ ಹೋಗಿದ್ದಾಗ ಅಕ್ಕ ಕಿಟಕಿ ನೋಡುತ್ತಲೇ ಕೇಳಿದಳು. "ಅವರು ಹೋದಾಗ ನೀನ್ಯಾಕೆ ಬರ್ಲಿಲ್ಲ?" ನಾನು ಮತ್ತೆ ಆಡಿಟ್ ಅಂದೆ. ಅವಳು ಸುಮ್ಮನಿದ್ದಳು. ಹೊರಗೆ ಅದೇ ಮರಗಳು. ಎದ್ದು ಹೋಗೋಕೆ ಜಾಗ ಇಲ್ಲ, ಇಳಿಯೋಕೆ ಊರಿಲ್ಲ. ಅರ್ಧ ಗಂಟೆ ಬಿಟ್ಟು ನಿಜ ಹೇಳಿದೆ. ಅವಳ ಮುಖ ನೋಡೋಕೆ ನನಗೆ ಭಯ ಆಗಿತ್ತು, ಅಷ್ಟೇ. ಅವಳು ಗೋಡೆ ಕಡೆ ತಿರುಗಿ ಮಲಗಿದಳು. ರಾತ್ರಿಯವರೆಗೂ ಮಾತಿಲ್ಲ. ನಾನು ಕಾರಿಡಾರಿನಲ್ಲಿ ಓಡಾಡಿದೆ, ಅತ್ತುಬಿಟ್ಟೆ, ಮತ್ತೆ ಓಡಾಡಿದೆ. ಬೆಳಿಗ್ಗೆ ಯಾರೋ ಭುಜ ಅಲುಗಾಡಿಸಿದರು. ಅಕ್ಕ. "ಏಳೇ, ನೀರು ಕಾಣ್ತಿದೆ."

ಬೈಕಲ್. ಜಗತ್ತಿನ ಅತ್ಯಂತ ಆಳದ ಸರೋವರ, 1,642 ಮೀಟರ್. ಮೂರು ದಿನ ಬರೀ ಮರ ನೋಡಿದ ಕಣ್ಣಿಗೆ ಆ ನೀರು. ಹಳಿ ದಡಕ್ಕೆ ಅಂಟಿಕೊಂಡೇ ಹೋಗುತ್ತೆ. ಗಂಟೆಗಟ್ಟಲೆ ನಾವಿಬ್ಬರೂ ಒಂದೇ ಕಿಟಕಿಯಲ್ಲಿ ಕೂತಿದ್ದೆವು. ಆ ಪ್ಯಾಕೇಜಿನವರೂ ಇದೇ ಬೈಕಲ್ ತೋರಿಸುತ್ತಾರೆ. ಆದರೆ ಅದರ ಹಿಂದಿನ ಶುಕ್ರವಾರವನ್ನು ಎಲ್ಲಿಂದ ತರುತ್ತಾರೆ?

ಮಂಗೋಲಿಯಾ ಬಗ್ಗೆ ಬರೆದರೆ ಇನ್ನೊಂದು ಪೋಸ್ಟ್ ಆಗುತ್ತೆ. ಕರ್ನಾಟಕದ ಎಂಟು ಪಟ್ಟು ದೊಡ್ಡ ದೇಶ, ಬೆಂಗಳೂರಿನ ಅರ್ಧದಷ್ಟೂ ಜನ ಇಲ್ಲ. ಗಡಿಯಲ್ಲಿ ಶೌಚಾಲಯಕ್ಕೆ ಗಂಟೆಗಟ್ಟಲೆ ಬೀಗ ಹಾಕಿದ್ದೂ ನೆನಪಿದೆ, ಬೇಡ.

ಎರ್ಲಿಯಾನ್ ಮಾತ್ರ ಹೇಳಲೇಬೇಕು. ಚೀನಾ ಗಡಿಯ ಊರು. ರಷ್ಯಾ, ಮಂಗೋಲಿಯಾದ ಹಳಿ 1,520 ಮಿಲಿಮೀಟರ್ ಅಗಲ, ಚೀನಾದ್ದು 1,435. ಎಂಟೂವರೆ ಸೆಂಟಿಮೀಟರ್ ವ್ಯತ್ಯಾಸ. ಅದಕ್ಕಾಗಿ ಇಡೀ ರೈಲನ್ನು ರಾತ್ರಿ ಶೆಡ್ಡಿಗೆ ಒಯ್ದು, ಬೋಗಿ ಬೋಗಿ ಬೇರೆ ಮಾಡಿ, ನಾವು ಒಳಗಿರುವಾಗಲೇ ಜಾಕಿಯಿಂದ ಮೇಲೆತ್ತಿ, ಕೆಳಗಿನ ಗಾಲಿಗಳನ್ನೆಲ್ಲ ಬದಲಾಯಿಸಿದರು. ಧಾರವಾಡದವಳ ಕಣ್ಣಲ್ಲಿ ನೀರು. ಅವರ ಕಡೆ ಮೀಟರ್ ಗೇಜ್, ಅಂದರೆ ಒಂದೇ ಮೀಟರ್ ಅಗಲದ ಹಳಿ ಇದ್ದ ಕಾಲದಲ್ಲಿ ಅವಳ ಮನೆಯವರು ಮುಂಬೈಗೆ ಹೋಗುವಾಗ, ಅಗಲ ಹಳಿ ಶುರುವಾಗುವ ಮೀರಜದಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತು. "ನಮ್ಮಪ್ಪ ಟ್ರಂಕ್ ಹೊತ್ಕೊಂಡು ಓಡತಿದ್ದಾ, ನಾ ಅವನ ಅಂಗಿ ಹಿಡಕೊಂಡು ಹಿಂದ. ಇಲ್ಲಿ ನೋಡ, ನಮ್ಮನ್ನ ಏಳಸಲಿಲ್ಲ ಸೈತ" ಅಂದಳು.

"ಅತ್ತೆ, ನಮಗೆ ಎಂಟೇ ದಿನ ರಜೆ" ಅಂದಳು ಹುಡುಗಿ. ಒಪ್ಪುತ್ತೇನೆ, ನಾವು ಹೋಗಿದ್ದು ನೌಕರಿಯ ಕೊನೇ ವರ್ಷಗಳಲ್ಲಿ, ರಜೆ ಕೂಡಿಟ್ಟಿದ್ದೆವು. ನಮ್ಮ ಆ ನೇರ ರೈಲೂ 2020ರಲ್ಲಿ ಕೋವಿಡ್ ಬಂದಾಗ ನಿಂತಿತು. ಆದರೆ ಮಾಸ್ಕೋದಿಂದ ಇರ್ಕುಟ್ಸ್ಕ್‌ಗೆ ರೈಲಿನಲ್ಲಿ ನಾಲ್ಕು ದಿನವೂ ಬೇಡ. ಮಾಸ್ಕೋದಲ್ಲಿ ಒಂದು ದಿನ ಇರಿ, ರೈಲು ಹತ್ತಿ, ಬೈಕಲ್ ನೋಡಿ, ಬರುವಾಗ ಬೇಕಾದರೆ ವಿಮಾನ ಹತ್ತಿ. ಎಂಟು ದಿನಕ್ಕೆ ಸರಿಹೋಗುತ್ತೆ. ಅದೂ ಬೇಡ, ಬರೀ ಬೈಕಲ್ ಸಾಕು ಅಂದರೆ ಬರೀ ಬೈಕಲ್ ನೋಡಿ ಬನ್ನಿ, ಅದೂ ಚೆನ್ನಾಗಿರುತ್ತೆ. ಈ ಹೆಸರು ಮಾತ್ರ ಬೇಡ.

ಇವತ್ತು ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿ ಎಲ್ಲಾ ಹೇಳಿದೆ. ನಾನು ಬೈದಿದ್ದು ತಪ್ಪು ಅಂದಳು. "ಅವಳನ್ನೂ ಆ ಮೂರು ಹುಡುಗೀರನ್ನೂ ನಮ್ಮನೆಗೆ ಕಳ್ಸು, ನಾನು ಮಾತಾಡ್ತೀನಿ" ಅಂದಳು. ಶನಿವಾರ ಸಂಜೆ ಬರುತ್ತಾರಂತೆ. ಅಕ್ಕ ಗೊಜ್ಜವಲಕ್ಕಿ ಮಾಡುತ್ತಾಳೆ. ಲೆಕ್ಕದ ಮೇಡಂ ಕಂಬಗಳ ಲೆಕ್ಕ ಬರೆದ ನೋಟ್‌ಬುಕ್ ತರುತ್ತಾರೆ.