ಫೆರಿಯಾಲೆ ಅಂದ್ರೆ ರಜೆ ಅಲ್ಲ ಕಣ್ರೀ!

ಇಟಲಿಯ ಟಸ್ಕನಿ ಸೀಮೆಯ ಗುಡ್ಡದೂರುಗಳಲ್ಲಿ ಆರಾಮಾಗಿ ಸುತ್ತಿ, ಒಂದೊಂದು ಊರಲ್ಲಿ ಎರಡೆರಡು ದಿನ ಇರಿ ಅಂತ ಬರೆಯೋರು ಬರೆದು ಕೈ ತೊಳ್ಕೊಳ್ತಾರೆ. ಅಲ್ಲಿನ ಬಸ್ ವೇಳಾಪಟ್ಟಿ ಓದೋದು ಹೇಗೆ ಅಂತ ಒಬ್ರಾದ್ರೂ ಬರೀತಾರಾ?

ಇಟಾಲಿಯನ್‌ನಲ್ಲಿ ಫೆರಿಯೆ ಅಂದ್ರೆ ರಜೆ. ಹಾಗಾಗಿ ಪಟ್ಟಿಯಲ್ಲಿ ಫೆರಿಯಾಲೆ ಅಂತ ಕಂಡ್ರೆ ರಜಾದಿನದ ಬಸ್ ಅಂದ್ಕೊಂಡು ಜನ ಭಾನುವಾರ ಸ್ಟಾಪಲ್ಲಿ ನಿಲ್ತಾರೆ. ಅರ್ಥ ಪೂರ್ತಿ ಉಲ್ಟಾ! ಫೆರಿಯಾಲೆ ಅಂದ್ರೆ ಕೆಲಸದ ದಿನ, ಶನಿವಾರವೂ ಸೇರಿ. ಭಾನುವಾರ, ಹಬ್ಬಕ್ಕೆ ಫೆಸ್ತಿವೊ. ಪದ ಬೇಡ ಅಂದ್ರೆ ಗುರುತು ನೋಡಿ: ಅಡ್ಡಡ್ಡ ಇಟ್ಟ ಎರಡು ಸುತ್ತಿಗೆ ಕೆಲಸದ ದಿನ, ಶಿಲುಬೆ ರಜಾದಿನ. ಇನ್ನೊಂದು ಸ್ಕೊಲಾಸ್ತಿಕೊ. ಅದು ಶಾಲೆ ಇದ್ರೆ ಮಾತ್ರ ಓಡೋ ಬಸ್. ಜೂನ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಶಾಲೆಗೆ ಬೀಗ, ಅಂದ್ರೆ ಪ್ರವಾಸಿಗರು ತುಂಬಿರೋ ಹೊತ್ತಿಗೇ ಆ ಬಸ್ ಇಲ್ಲ. ಎಂಥಾ ಲೆಕ್ಕಾಚಾರ ನೋಡಿ.

ಗೋಪುರಗಳ ಊರು ಸಾನ್ ಜಿಮಿನ್ಯಾನೊಗೆ ರೈಲಲ್ಲಿ ಹೋಗ್ತೀವಿ ಅಂತೀರಾ? ಸ್ಟೇಷನ್ ಹೆಸರು ಪೊಜ್ಜಿಬೋನ್ಸಿ-ಸಾನ್ ಜಿಮಿನ್ಯಾನೊ. ಹೆಸರು ನೋಡಿ ಇಳಿದ್ರೆ ಸಾನ್ ಜಿಮಿನ್ಯಾನೊದ ಗೋಪುರಗಳು ಹತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ಗುಡ್ಡದ ಮೇಲೆ! ಮತ್ತೆ ಬಸ್ಸೇ ಗತಿ. ಟಿಕೆಟ್ ‘ಟಿ’ ಅಕ್ಷರದ ಬೋರ್ಡಿರೋ ತಬಾಕ್ಕಿ, ಅಂದ್ರೆ ತಂಬಾಕಿನ ಅಂಗಡಿಯಲ್ಲಿ ಸಿಗುತ್ತೆ, ಆದ್ರೆ ಮಧ್ಯಾಹ್ನ ಊಟದ ಹೊತ್ತಿಗೆ ಶಟರ್ ಎಳೆದಿರ್ತಾರೆ. ಬೆಳಿಗ್ಗೆಯೇ, ವಾಪಸ್ ಬರೋದಕ್ಕೂ ಸೇರಿಸಿ ತಗೊಂಡುಬಿಡಿ. ಸೀಟು ಕಾಯ್ದಿರಿಸದ ಲೋಕಲ್ ರೈಲಿನ ಕಾಗದದ ಟಿಕೆಟಾದ್ರೆ ಹತ್ತೋ ಮೊದಲು ಪ್ಲಾಟ್‌ಫಾರ್ಮಿನ ಮಿಷನ್‌ಗೆ ತೂರಿಸಿ ಮುದ್ರೆ ಹಾಕಿಸ್ಲೇಬೇಕು. ಇಲ್ಲಾಂದ್ರೆ ಟಿಕೆಟ್ ಕೈಲಿದ್ರೂ ದಂಡ.

ಸಾಕಪ್ಪಾ ಈ ಬಸ್ಸಿನ ಸಹವಾಸ ಅಂತ ಕಾರು ಬಾಡಿಗೆಗೆ ತಗೊಂಡ್ರೆ ಇನ್ನೂ ಚೆಂದ. ಹಳೇ ಊರಿನ ಬಾಗಿಲಲ್ಲಿ ಕೆಂಪು ವೃತ್ತದ ಬಿಳಿ ಫಲಕ, ಪಕ್ಕದಲ್ಲಿ ‘ವಾರ್ಕೊ ಅತ್ತಿವೊ’ ಅಂತ ದೀಪದ ಬರಹ. ವಾರ್ಕೊ ಅಂದ್ರೆ ಬಾಗಿಲು, ಅತ್ತಿವೊ ಅಂದ್ರೆ ಚಾಲೂ. ಬಾಗಿಲು ತೆರೆದಿದೆ ಅಂತ ಯಾರಿಗಾದ್ರೂ ಅನ್ನಿಸುತ್ತೆ ತಾನೇ? ಅದು ಹೇಳ್ತಿರೋದು ಕ್ಯಾಮೆರಾ ಚಾಲೂ ಇದೆ, ಒಳಗೆ ಬರಬೇಡ ಅಂತ! ದಂಡ ಸುಮಾರು 80 ಯೂರೋದಿಂದ ಶುರು, ದಾಟಿದಷ್ಟು ಸಲಕ್ಕೂ ಬೇರೆಬೇರೆ. ನಿಮ್ಮ ಹೆಸರು ಪೊಲೀಸರಿಗೆ ಕೊಟ್ಟಿದ್ದಕ್ಕೆ ಬಾಡಿಗೆ ಕಂಪನಿಯವರೂ ಕಾರ್ಡಿಂದ ಪ್ರತ್ಯೇಕ ದುಡ್ಡು ಎಳ್ಕೊಳ್ತಾರೆ. ಅದು ದಂಡ ಅಲ್ಲ, ಅದರ ಮೇಲಿನ ಶುಲ್ಕ. ಅಸಲಿ ನೋಟಿಸ್ ತಿಂಗಳುಗಟ್ಟಲೆ ಆದಮೇಲೆ ಮನೆ ಬಾಗಿಲಿಗೆ. ತಲುಪಿದ ಐದು ದಿನದೊಳಗೆ ಕಟ್ಟಿದ್ರೆ ಶೇ 30 ಕಡಿತ. ಹೋಟೆಲ್ ಹಳೇ ಊರಿನ ಗೋಡೆಯೊಳಗಿದ್ರೆ ಗಾಡಿ ನಂಬರ್ ಮೊದಲೇ ಅವರಿಗೆ ಕೊಟ್ಟು ನೋಂದಾಯಿಸೋಕೆ ಆಗುತ್ತಾ ಕೇಳಿ. ಆಗಲ್ಲ ಅಂದ್ರೆ ಊರಾಚೆ ನೀಲಿ ಗೆರೆಯಲ್ಲಿ ದುಡ್ಡು ಕೊಟ್ಟು ನಿಲ್ಸಿ. ಹಳದಿ ಗೆರೆ ಮುಟ್ಟಲೇಬೇಡಿ.

ಊಟದ್ದು ಇನ್ನೊಂದು ಕಥೆ. ಮಧ್ಯಾಹ್ನ ಎರಡೂವರೆ ದಾಟಿದ್ರೆ ಒಲೆ ಆರಿರುತ್ತೆ, ಮತ್ತೆ ಹಚ್ಚೋದು ರಾತ್ರಿ ಏಳೂವರೆಗೆ. ಸೆನ್ಸ ಕಾರ್ನೆ, ಮಾಂಸ ಬೇಡ, ಅಂತ ಹೇಳಿದ್ರೂ ಮೇಲೆ ಪಾರ್ಮಿಜಾನೊ ಚೀಸ್ ಉದುರಿಸ್ತಾರೆ. ಅದಕ್ಕೆ ಹಾಲು ಒಡೆಸೋದೇ ಕರುವಿನ ಹೊಟ್ಟೆಯ ರೆನೆಟ್ ಅನ್ನೋ ಕಿಣ್ವದಿಂದ. ಮಾಂಸ ತಿನ್ನೋರಿಗೆ ಗುಂಡಿ ಬೇರೆ ಕಡೆ: ಮೆನುವಿನಲ್ಲಿ ಬಿಸ್ತೆಕ್ಕಾ ಫಿಯೊರೆಂತೀನಾ, ಅಂದ್ರೆ ದನದ ಮಾಂಸದ ದಪ್ಪ ತುಂಡಿನ ಮುಂದೆ 6 ಯೂರೋ ಅಂತಿದ್ರೆ ಅದು ಒಂದು ಎತ್ತೊಗೆ, ಅಂದ್ರೆ ಬರೀ 100 ಗ್ರಾಂಗೆ. ಮೂಳೆ ಸಮೇತದ ತುಂಡು 1.2 ಕೆಜಿ ತೂಗಿದ್ರೆ 72 ಯೂರೋ. ಮೇಲೆ ತಲೆಗೆ ಎರಡು-ಮೂರು ಯೂರೋ ಕೊಪೆರ್ತೊ, ತಟ್ಟೆ-ಬ್ರೆಡ್ಡಿನ ಹೆಸರಲ್ಲಿ. ಆ ಬ್ರೆಡ್ಡಿಗೋ ಉಪ್ಪೇ ಹಾಕಿರಲ್ಲ. ಜಗಳ ಆಡೋಣ ಅಂದ್ರೆ ಮೆನುವಿನ ಕೊನೇ ಪುಟ ತಿರುಗಿಸಿ ಬೆರಳಿಟ್ಟು ತೋರಿಸ್ತಾರೆ, ಅಲ್ಲಿ ಇರುವೆಯಷ್ಟು ಸಣ್ಣಕ್ಷರದಲ್ಲಿ ಬರೆದೇ ಇರುತ್ತೆ.