ಜುಗ್ಗನ ಜೀವಾಳ

ಕಾಂಡಿಮೆಂಟ್ಸ್ ಅಂಗಡಿಯ ಚಕ್ಕುಲಿ ಪೊಟ್ಟಣದ ಮೇಲೆ ಅಂಗಡಿಯ ಹೆಸರಿರುತ್ತದೆ. ಚಕ್ಕುಲಿ ಕರಿದದ್ದು ಮಾತ್ರ ಹಿಂದಿನ ಬೀದಿಯ ಯಾವುದೋ ಮನೆಯಲ್ಲಿ. 1950–60ರ ದಶಕದ ಅಮೆರಿಕದಲ್ಲಿ ಗಿಟಾರ್ ಆಂಪ್ಲಿಫೈಯರ್‌ಗಳನ್ನೂ ಹೀಗೇ ಮಾರುತ್ತಿದ್ದರು. ಅಂಚೆಯಲ್ಲಿ ಸರಕು ಮಾರುತ್ತಿದ್ದ ಸಿಯರ್ಸ್ ಕಂಪನಿಯ ಕ್ಯಾಟಲಾಗಿನ 'ಸಿಲ್ವರ್‌ಟೋನ್'ಗಾಗಿ ಸಿಯರ್ಸ್‌ನವರು ಒಂದು ತಂತಿಗೂ ಸೋಲ್ಡರ್ ಹಾಕಿದವರಲ್ಲ. ಬಹಳಷ್ಟನ್ನು ಮಾಡಿಕೊಟ್ಟದ್ದು ನ್ಯೂಜೆರ್ಸಿಯ ಡಾನೆಲೆಕ್ಟ್ರೋ ಕಂಪನಿ. ಅಂಥದೇ ಇನ್ನೊಂದು ಮಾರಾಟ ಕಂಪನಿ ಮಾಂಟ್‌ಗೊಮೆರಿ ವಾರ್ಡ್‌ನ 'ಏರ್‌ಲೈನ್' ಹಿಂದೆ ಹೆಚ್ಚಾಗಿ ಷಿಕಾಗೋದ ವಾಲ್ಕೋ. 1962ರ ಸಿಲ್ವರ್‌ಟೋನ್ 1448ರಲ್ಲಂತೂ ಗಿಟಾರಿನ ಪೆಟ್ಟಿಗೆಯೇ ಆಂಪ್ಲಿಫೈಯರ್: ಮುಚ್ಚಳ ತೆಗೆದು ನಿಲ್ಲಿಸಿದರೆ 5 ಇಂಚಿನ ಸ್ಪೀಕರು. ತಂತಿಯ ಕಂಪನವನ್ನು ಕರೆಂಟಾಗಿಸುವ ಗಿಟಾರಿನ ಪಿಕಪ್ ಕೂತದ್ದು ಲಿಪ್‌ಸ್ಟಿಕ್ ಕೊಳವೆಯಲ್ಲಿ. ಉಳಿತಾಯಕ್ಕೆ ನಾಚಿಕೆಯಿಲ್ಲ ಎಂದರೆ ಇದು.

ಈ ಜುಗ್ಗತನ ತುದಿ ಮುಟ್ಟಿದ್ದು ಆ ಕಾಲದ ಅತಿ ಅಗ್ಗದ, ಮೂರು ವಾಲ್ವಿನ (ಹಳೆಯ ರೇಡಿಯೋದಲ್ಲಿ ಹೊಳೆಯುವ ಗಾಜಿನ ಕೊಳವೆ) ಡಬ್ಬಗಳಲ್ಲಿ. ಆಂಪ್ಲಿಫೈಯರಿನಲ್ಲಿ ತೂಕದ್ದೂ ದುಬಾರಿಯದ್ದೂ ಪವರ್ ಟ್ರಾನ್ಸ್‌ಫಾರ್ಮರ್, ಅದನ್ನೇ ಕೈಬಿಟ್ಟರು. ವಾಲ್ವುಗಳ ಫಿಲಮೆಂಟುಗಳನ್ನು ಹಬ್ಬದ ಸೀರಿಯಲ್ ಸೆಟ್‌ನಂತೆ ಸಾಲಾಗಿ ಪೋಣಿಸಿ ನೇರ ಮೇನ್ಸ್‌ಗೆ ಕೊಟ್ಟರು. ಎಸಿಯನ್ನು ಡಿಸಿ ಮಾಡುವ 35ಡಬ್ಲ್ಯು4 ವಾಲ್ವಿಗೆ 35 ವೋಲ್ಟ್, ಸ್ಪೀಕರನ್ನು ನಡೆಸುವ 50ಸಿ5ಗೆ 50, ಗಿಟಾರಿನ ಸಣ್ಣ ಸದ್ದನ್ನು ಮೊದಲು ಹಿಗ್ಗಿಸುವ 12ಎಯು6ಗೆ 12.6. ಒಟ್ಟು 97.6. ಅಲ್ಲಿಯ ಮೇನ್ಸ್ ಆಗ 117 ವೋಲ್ಟ್. ಉಳಿದ ಹತ್ತೊಂಬತ್ತು ಚಿಲ್ಲರೆ ವೋಲ್ಟನ್ನು ಒಂದು ರೆಸಿಸ್ಟರ್ ನುಂಗಬೇಕು. ಓಡುವ ಕರೆಂಟ್ 0.15 ಆಂಪಿಯರ್, ಹಾಗಾಗಿ ಸುಮಾರು 130 ಓಮ್. ಮೂರು ವ್ಯಾಟ್ ಶಾಖ ಬರುವುದರಿಂದ ಹತ್ತು ವ್ಯಾಟಿನದನ್ನೇ ಹಾಕಬೇಕು. ಸೀರಿಯಲ್ ಸೆಟ್ಟಿನ ರೋಗವೂ ಇದಕ್ಕಿದೆ: ಒಂದು ಹೋದರೆ ಮೂರೂ ಕತ್ತಲು. ಪ್ಲಗ್ ಕಿತ್ತು, ವಾಲ್ವುಗಳನ್ನು ಹೊರತೆಗೆದು, ಒಂದೊಂದರ 3 ಮತ್ತು 4ನೇ ಪಿನ್ನಿಗೆ ಮೀಟರ್ ಹಿಡಿದರೆ ಸತ್ತದ್ದು ಯಾವುದೆಂದು ಗೊತ್ತಾಗುತ್ತದೆ. ಮೂರಕ್ಕೂ ಪಿನ್ ಒಂದೇ.

ಇನ್ನು ನಾದ. 50ಸಿ5 ಒಂಟಿ ವಾಲ್ವ್ ಎರಡು ವ್ಯಾಟಿನ ಆಸುಪಾಸು ಕೊಟ್ಟು ಸುಸ್ತಾಗುತ್ತದೆ. ಆಮೇಲೆ ಅಲೆಯ ಒಂದು ಬದಿ ಇನ್ನೊಂದಕ್ಕಿಂತ ಮೊದಲೇ ಚಪ್ಪಟೆಯಾಗುತ್ತದೆ, ಅದರಿಂದ ಎರಡನೇ ಹಾರ್ಮೋನಿಕ್ ಎದ್ದು ಬರುತ್ತದೆ. ಅಂದರೆ ನುಡಿಸಿದ ಸ್ವರದ ಜೊತೆಗೆ ಅದರದೇ ಮೇಲಿನ ಸ್ಥಾಯಿ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಜೀವಾಳದ ದಾರ ಸರಿಸಿದಾಗ ಸ್ವರ ತುಂಬಿಕೊಳ್ಳುತ್ತದಲ್ಲ, ಸರಿಸುಮಾರು ಆ ಜಾತಿಯ ಸುಖ. ತಂಬೂರಿಯವರು ದಾರವನ್ನು ಬೇಕೆಂದೇ ಇಡುತ್ತಾರೆ. ಇಲ್ಲಿ ಮಾತ್ರ ಅದು ಎರಡನೇ ವಾಲ್ವಿನ ಖರ್ಚು ಉಳಿಸಿದ್ದರ ಫಲ. ಅವಸರದ ಪೆಟ್ಟು ಕೊಟ್ಟರೆ ಡಿಸಿಯನ್ನು ಸಮವಾಗಿಡುವ ಸಣ್ಣ ಫಿಲ್ಟರ್ ಕೆಪಾಸಿಟರ್ ಖಾಲಿಯಾಗಿ ವೋಲ್ಟೇಜ್ ಕುಸಿಯುತ್ತದೆ, ಸ್ವರ ಮೊದಲು ಮುದುಡಿ ಆಮೇಲೆ ಅರಳುತ್ತದೆ. ಇದನ್ನು ಗುಣಪಡಿಸುವ ಉತ್ಸಾಹದಲ್ಲಿ ಹಳೆಯ 40 ಮೈಕ್ರೋಫ್ಯಾರಡ್ ಜಾಗಕ್ಕೆ 220 ಹಾಕುವವರಿದ್ದಾರೆ. ಅರಳುವುದೂ ಹೋಗುತ್ತದೆ, ಪ್ರತಿ ಸಲ ಅಷ್ಟು ದೊಡ್ಡ ಹೊಟ್ಟೆ ತುಂಬಿಸುವ 35ಡಬ್ಲ್ಯು4ರ ಆಯಸ್ಸೂ ಹೋಗುತ್ತದೆ. 250 ವೋಲ್ಟ್ ತಡೆಯುವ 47 ಸಾಕು.

ಕೆಪಾಸಿಟರಿನಲ್ಲೇ ಮೋಸಗಾರ ಇನ್ನೊಂದಿದೆ: ಎರಡು ವಾಲ್ವುಗಳ ನಡುವಿನ, ಮೇಣ ಹಚ್ಚಿದ ಕಾಗದದ 0.02 ಮೈಕ್ರೋಫ್ಯಾರಡ್. ಹಳತಾದಂತೆ ಅದು ಡಿಸಿ ಸೋರುತ್ತದೆ. 50ಸಿ5ರ ಗ್ರಿಡ್ಡಿನಲ್ಲಿ, ಅಂದರೆ ಸದ್ದು ಒಳಬರುವ ತುದಿಯಲ್ಲಿ, ಸೊನ್ನೆ ವೋಲ್ಟ್ ಇರಬೇಕು. ಅರ್ಧ ವೋಲ್ಟ್ ಪಾಸಿಟಿವ್ ಕಂಡರೂ ಬದಲಾಯಿಸಿ. ತಡಮಾಡಿದರೆ ವಾಲ್ವಿನ ಪ್ಲೇಟ್ ಕೆಂಪಗಾಗುತ್ತದೆ, ಹಿಂದೆಯೇ ಅಂಗೈಯಲ್ಲಿ ಮುಚ್ಚಿಹೋಗುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಡುತ್ತದೆ.

ಇಷ್ಟರವರೆಗಿನ ಜುಗ್ಗತನವನ್ನು ಕ್ಷಮಿಸಬಹುದು. ಕ್ಷಮಿಸಲಾಗದ್ದು ಒಂದಿದೆ. ಟ್ರಾನ್ಸ್‌ಫಾರ್ಮರ್ ಇಲ್ಲವೆಂದರೆ ಮೇನ್ಸಿನ ಒಂದು ತಂತಿ ಸರ್ಕ್ಯೂಟಿನ ಒಳಗೇ ಇದೆ. ಎರಡು ಪಿನ್ನಿನ ಪ್ಲಗ್ ತಿರುಗಿಸಿ ಹಾಕಿದರೆ ಅದೇ ಫೇಸ್. ಅದಕ್ಕೂ ಗಿಟಾರಿನ ತಂತಿಗೂ ನಡುವೆ ಅನೇಕ ಡಬ್ಬಗಳಲ್ಲಿ ಇರುವುದು 0.047 ಮೈಕ್ರೋಫ್ಯಾರಡಿನ ಒಂದೇ ಕೆಪಾಸಿಟರ್. ಅದು ಆರೋಗ್ಯವಾಗಿದ್ದಾಗಲೂ ಎರಡು ಮಿಲಿಆಂಪಿಯರ್ ಸಾಗಿಸಿ ಬೆರಳು ಝುಮ್ಮೆನ್ನಿಸುತ್ತದೆ, ಶಾರ್ಟ್ ಆದ ದಿನ ಜೀವವನ್ನೇ ತೆಗೆಯಬಹುದು. ಮೂರು ಪಿನ್ನಿನ ಪ್ಲಗ್ ಹಾಕಿದ ಮಾತ್ರಕ್ಕೆ ಈ ಜಾತಿಯ ಡಬ್ಬ ಸಾಧುವಾಗುವುದಿಲ್ಲ. ಬೇಕಾದ್ದು ಡಬ್ಬವನ್ನು ಮೇನ್ಸಿನಿಂದ ಬೇರ್ಪಡಿಸುವ ಐಸೊಲೇಷನ್ ಟ್ರಾನ್ಸ್‌ಫಾರ್ಮರ್.

ಅಮೆರಿಕದಿಂದ ಬಂದವರ ಸೂಟ್‌ಕೇಸಿನಲ್ಲಿ ಇಂಥದ್ದೊಂದು ನಮ್ಮೂರಿಗೆ ಇಳಿದರೆ 230 ವೋಲ್ಟಿಗೆ ಹೇಗೂ ಸ್ಟೆಪ್‌ಡೌನ್ ಬೇಕು. ಎಡವುವುದು ಅಲ್ಲೇ. ಅಗ್ಗದ ಸ್ಟೆಪ್‌ಡೌನ್‌ಗಳು ಹೆಚ್ಚಾಗಿ ಒಂದೇ ಸುರುಳಿಯ ಆಟೊಟ್ರಾನ್ಸ್‌ಫಾರ್ಮರ್‌ಗಳು. ವೋಲ್ಟೇಜ್ ಇಳಿಸುತ್ತವೆ, ಮೇನ್ಸಿನಿಂದ ಬೇರ್ಪಡಿಸುವುದಿಲ್ಲ. ಪರೀಕ್ಷೆ ಸುಲಭ: ಗೋಡೆಯಿಂದ ಕಿತ್ತು, ಸ್ವಿಚ್ ಆನ್ ಮಾಡಿ, ಒಳಬರುವ ಪಿನ್‌ಗಳಿಂದ ಹೊರಹೋಗುವ ಸಾಕೆಟ್ಟಿಗೆ ಓಮ್‌ಮೀಟರ್ ಹಿಡಿಯಿರಿ. ಕೆಲವೇ ಓಮ್ ತೋರಿಸಿದರೆ ಅಂಗಡಿಗೆ ವಾಪಸ್ ಕೊಡಿ. 230ರಿಂದ 115ಕ್ಕೆ ಇಳಿಸುವ, ಎರಡು ಪ್ರತ್ಯೇಕ ಸುರುಳಿಯ 100 ವಿಎ ಟ್ರಾನ್ಸ್‌ಫಾರ್ಮರ್ ತಂದು, ಫೇಸಿಗೆ ಅರ್ಧ ಆಂಪಿಯರಿನ ಸ್ಲೋ ಬ್ಲೋ ಫ್ಯೂಸ್ ಹಾಕಿ, ಚಾಸಿಗೆ ಅರ್ತ್ ಕಟ್ಟಿಸಿ. ಬಿಚ್ಚುವ ಕೆಲಸ ಮಾತ್ರ ವಾಲ್ವ್ ರೇಡಿಯೋ ಬಲ್ಲವರ ಕೈಯಲ್ಲೇ ಆಗಲಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಕರೆಂಟ್ ಕಾದು ಕೂತಿರುತ್ತದೆ.

ಎಲ್ಲ ಆದ ಮೇಲೂ ಸ್ಪೀಕರಿನಲ್ಲಿ ಸಣ್ಣಗೆ ಗುಂಯ್ ಉಳಿಯುತ್ತದೆ. ಒಂಟಿ ಡಯೋಡಿನ ಸಂಸಾರವಾದ್ದರಿಂದ ಅದು ಮೇನ್ಸಿನದೇ ಶ್ರುತಿ: ಅಲ್ಲಿ 60 ಹರ್ಟ್ಸ್, ಇಲ್ಲಿ 50. ಆರಕ್ಕೆ ಐದರ ಅನುಪಾತ. ಸಾಗರ ದಾಟಿ ಬಂದ ಡಬ್ಬ ಸಾಧಾರಣ ಗಾಂಧಾರದಿಂದ ಷಡ್ಜಕ್ಕೆ ಇಳಿದು ಗುನುಗುತ್ತಿರುತ್ತದೆ.